ಪುಕ್ಕಟೆ ಕುರ್ಚಿಯ ಷರತ್ತುಗಳು

ಯಾರಾದರೂ ಏನನ್ನಾದರೂ ಪುಕ್ಕಟೆ ಕೊಡುತ್ತೇನೆಂದರೆ ನನ್ನ ಕೈ ಮೊದಲು ಕನ್ನಡಕದ ಕಡೆಗೆ ಹೋಗುತ್ತದೆ. ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡು ಕಲಿಸಿದ್ದು. ಕುಷ್ಟಗಿಯ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ಖರೀದಿಪತ್ರ, ಬಾಡಿಗೆಪತ್ರ ಬರೆಯುತ್ತಿದ್ದೇನೆ. ದೊಡ್ಡ ಅಕ್ಷರದಲ್ಲಿ ಕೊಟ್ಟದ್ದನ್ನು ಸಣ್ಣ ಅಕ್ಷರದಲ್ಲಿ ಹೇಗೆ ವಾಪಸು ಪಡೆಯಬಹುದೆಂದು ನಾನೇ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ. ಹಾಗಾಗಿ ಪಕ್ಕದ ಮನೆಯವರು ಹೋಳಿಗೆ ಕಳಿಸಿದರೂ, ಇದರ ಹಿಂದೆ ಯಾವ ಕಾಗದ ಬರೆಸುವ ಕೆಲಸ ಇದೆಯೋ ಎಂದು ಯೋಚಿಸುತ್ತೇನೆ. ಒಮ್ಮೆ ನಿಜವಾಗಿಯೂ ಇತ್ತು. ಉಳಿದ ಸಲವೆಲ್ಲ ಬರೀ ಹೋಳಿಗೆಯೇ ಇತ್ತು, ಆದರೆ ನನಗೆ ನೆನಪಿರುವುದು ಆ ಒಂದೇ ಸಲ.

ಇಂಥವನ ಹೆಂಡತಿ ಅನ್ನಪೂರ್ಣ, ಪ್ರಾಥಮಿಕ ಶಾಲೆಯ ಶಿಕ್ಷಕಿ, ಗಂಗಾವತಿಯ ದೊಡ್ಡ ಬಟ್ಟೆ ಅಂಗಡಿಗೆ ಸೀರೆ ತರಲು ಹೋದವಳು ಆ ಅಂಗಡಿಯ ಕ್ರೆಡಿಟ್ ಕಾರ್ಡಿಗೂ ಅರ್ಜಿ ಹಾಕಿ ಬಂದಳು. ದಿಲ್ಲಿಯಲ್ಲಿರುವ ಅವಳ ತಂಗಿ ಹೊಸ ಮನೆಯ ಪ್ರವೇಶಕ್ಕೆ ಕರೆದು, ನಮ್ಮಿಬ್ಬರಿಗೂ ಹೈದರಾಬಾದಿನಿಂದ ವಿಮಾನದ ಟಿಕೀಟು ತೆಗೆಸಿ ಕಳಿಸಿದ್ದಳು. ಇದನ್ನು ಕೇಳಿದ ಅಂಗಡಿಯ ಹುಡುಗಿ, ಕಾರ್ಡಿದ್ದವರನ್ನು ವಿಮಾನ ನಿಲ್ದಾಣದಲ್ಲಿ ಗಣ್ಯರಂತೆ ನೋಡಿಕೊಳ್ಳುತ್ತಾರೆ, ಲಾಂಜ್ ಎಂಬ ತಂಪು ಕೋಣೆಯಲ್ಲಿ ಮೆತ್ತನೆಯ ಕುರ್ಚಿ ಕೊಟ್ಟು ಪುಕ್ಕಟೆ ಊಟ ಹಾಕುತ್ತಾರೆ ಎಂದಳಂತೆ.

"ಸೀರಿ ಮಾರೋರಿಗೆ ನಾವು ಊಟ ಮಾಡಿದ್ವೋ ಇಲ್ಲೋ ಅನ್ನೋ ಚಿಂತಿ ಯಾಕ?" ಎಂದೆ.

"ನಿಮಗಂತೂ ಇಲ್ಲ. ಅವರಿಗರ ಇರ್ಲಿ ಬಿಡ್ರಿ," ಎಂದಳು.

ಕಾರ್ಡಿನ ಜೊತೆ ಇಂಗ್ಲಿಷಿನ ದಪ್ಪ ಪುಸ್ತಿಕೆಯೊಂದು ಬಂತು. ಅದನ್ನು ಮೇಜಿಗೆ ಒಯ್ದು ಮೂರು ಮಧ್ಯಾಹ್ನ ಓದಿದೆ. ನನ್ನ ಪಕ್ಕದಲ್ಲಿ ಕೂರುವ ಟೈಪಿಸ್ಟ್ ಮೆಹಬೂಬಸಾಬರು ಮೆಕ್ಕಾದ ಉಮ್ರಾ ಯಾತ್ರೆಗೆ ಹೋಗಿ ಬಂದಾಗಿನಿಂದ ನಮ್ಮ ಸಾಲಿನಲ್ಲಿ ವಿಮಾನದ ವಿಷಯಕ್ಕೆ ಅವರ ಮಾತೇ ಕೊನೆಯದು. ಲಾಂಜ್ ನೋಡಿದ್ದೀರಾ ಎಂದು ಕೇಳಿದೆ. "ಒಳಗ ಹೋಗಿಲ್ಲರಿ. ಬಾಗಿಲಾ ನೋಡೀನಿ. ತೆರದಾಗೊಮ್ಮೆ ತಣ್ಣನ ಗಾಳಿ ಬರ್ತಿತ್ತು. ಭಾಳ ಛಲೋ ಬಾಗಿಲಾ," ಎಂದರು.

ನಾನು ಹುಡುಕುತ್ತಿದ್ದುದು ಸಿಕ್ಕಿತು. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರೀದಿ ಮಾಡಿದವರಿಗೆ ಮಾತ್ರ ಪ್ರವೇಶ. ಒಳಗಿನ ತಿಂಡಿಯನ್ನು ಹೊರಗೆ ಒಯ್ಯುವಂತಿಲ್ಲ. ಕಾರ್ಡಿನಲ್ಲಿ ಹೆಸರಿದ್ದ ಒಬ್ಬರೇ ಹೋಗಬೇಕು. ಎಲ್ಲಕ್ಕೂ ಕೆಂಪು ಗೆರೆ ಎಳೆದು ಮನೆಗೆ ಬಂದು ಮೊದಲನೆಯದನ್ನು ಓದಿ ಹೇಳಿದೆ. ಅನ್ನಪೂರ್ಣ ದಿಲ್ಲಿಯ ಬೀಗರಿಗೆಲ್ಲ ಬಟ್ಟೆ ತಂದು ಆ ಷರತ್ತನ್ನು ಒಂದೇ ಭಾನುವಾರ ಪೂರೈಸಿಬಿಟ್ಟಳು. ಮೂರನೆಯದನ್ನು ನಾನು ಬೇಕೆಂದೇ ಹೇಳಲಿಲ್ಲ. ನಿಲ್ದಾಣದಲ್ಲೇ ಗೊತ್ತಾದರೆ ನನ್ನ ಬುದ್ಧಿವಂತಿಕೆಗೆ ಹೆಚ್ಚು ಬೆಲೆ ಬರುತ್ತದೆಂದು ಕಾದೆ. ಗಂಡಂದಿರು ಇಷ್ಟು ಸಣ್ಣವರೂ ಇರುತ್ತಾರೆ.

ಹೊರಡುವ ಮುನ್ನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡು ಎಂದೆ. ಕಟ್ಟುತ್ತಲೇ ಹೇಳಿದಳು: "ನಮ್ಮ ಕಡಿ ಎಷ್ಟ ಮದಿವಿ ಆದವು, ಎಲ್ಲಾದ್ರಾಗೂ ನಾ ಬಡಸಾಕಿ. ಕುಂತ ಊಟ ಮಾಡಿದ್ದ ನೆನಪಿಲ್ಲ. ಒಮ್ಮೆ ಯಾರರ ನನಗ ಬಡಸ್ಲಿ ಅಂತ ಆಸಿ, ಅಷ್ಟ ಐತ್ರಿ." ಆಗಲೂ ನಾನು ಮೂರನೆಯ ಷರತ್ತನ್ನು ಹೇಳಬಹುದಿತ್ತು. ಚಟ್ನಿಗೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದೆ.

ಹೈದರಾಬಾದಿನ ನಿಲ್ದಾಣದಲ್ಲಿ ಲಾಂಜಿನ ಬಾಗಿಲಲ್ಲಿದ್ದ ಹುಡುಗಿ ಕಾರ್ಡು ನೋಡಿ, ಒಬ್ಬರಿಗೆ ಮಾತ್ರ ಎಂದಳು. ಇದು ನನ್ನ ಗೆಲುವಿನ ಗಳಿಗೆ. ಪುಸ್ತಿಕೆಗಾಗಿ ಚೀಲಕ್ಕೆ ಕೈ ಹಾಕಿದೆ. ಅನ್ನಪೂರ್ಣ ನನ್ನ ಮುಖ ನೋಡಿ, "ಹಂಗಾರ ನೀವ ಹೋಗ್ರಿ. ಮುಂಜಾನಿಂದ ಏನೂ ತಿಂದಿಲ್ಲ ನೀವು," ಎಂದಳು. ಕೈ ಚೀಲದಲ್ಲೇ ಉಳಿಯಿತು. ಹೆಸರು ಅವಳದು, ಅವಳೇ ಹೋಗಬೇಕು ಎಂದು ಹುಡುಗಿ ತಿಳಿಸಿದಳು. ಅನ್ನಪೂರ್ಣ ಎರಡು ಸಲ ತಿರುಗಿ ನೋಡಿ ಒಳಗೆ ಹೋದಳು. ಮೆಹಬೂಬಸಾಬರು ಹೇಳಿದ್ದು ನಿಜ, ಗಾಳಿ ತಣ್ಣಗಿತ್ತು.

ಎದುರಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ರೊಟ್ಟಿ ಮುರಿದೆ. ಖಡಕ್ ರೊಟ್ಟಿಯ ಸದ್ದಿಗೆ ನಾಲ್ಕು ಸಾಲಿನಾಚೆಯವರೂ ತಿರುಗಿ ನೋಡಿದರು. ಅಷ್ಟರಲ್ಲಿ ನನ್ನ ಫೋನಿಗೆ ಸಂದೇಶ ಬಂತು. ಅನ್ನಪೂರ್ಣ ತನ್ನ ಕಾರ್ಡಿಗೆ ನನ್ನ ನಂಬರನ್ನೇ ಕೊಟ್ಟಿದ್ದಳು. ಎರಡು ರೂಪಾಯಿ ಕಡಿತವಾಗಿದೆ! ಪುಕ್ಕಟೆ ಎಂದವರ ನಿಜರೂಪ ಬಯಲಾದ ಸಂತೋಷದಲ್ಲಿ ಕಾರ್ಡಿನವರಿಗೆ ಫೋನು ಹಚ್ಚಿ, ಇದು ಯಾವ ಷರತ್ತಿನಲ್ಲಿದೆ ತೋರಿಸಿ ಎಂದೆ. ಆ ಕಡೆಯ ಹೆಣ್ಣುಮಗಳು ಬಹಳ ತಾಳ್ಮೆಯಿಂದ, "ಪುಸ್ತಿಕೆ ಇದೆಯಾ ಸರ್? ಹನ್ನೊಂದನೇ ಪುಟ, ಕೆಳಗಿನಿಂದ ಎರಡನೇ ಸಾಲು. ಕಾರ್ಡು ಚಾಲ್ತಿಯಲ್ಲಿದೆಯಾ ಅಂತ ನೋಡಲಿಕ್ಕೆ," ಎಂದಳು. ತೆಗೆದು ನೋಡಿದೆ. ನಾನು ಎಳೆದ ಎರಡು ಕೆಂಪು ಗೆರೆಗಳ ನಡುವೆಯೇ ಆ ಸಾಲು ಕೂತಿತ್ತು. ಬೇರೆ ಏನಾದರೂ ಸಹಾಯ ಬೇಕೇ ಎಂದಳು. ಬೇಡ ಎಂದೆ.

ಮುಕ್ಕಾಲು ಗಂಟೆಯ ಮೇಲೆ ಅನ್ನಪೂರ್ಣ ಹೊರಬಂದು ಪಕ್ಕದಲ್ಲಿ ಕೂತಳು. ಏನು ತಿಂದೆ ಎಂದು ಕೇಳಿದರೆ ಅದನ್ನು ಹೇಳಲೇ ಇಲ್ಲ. "ತಾಟು ತೊಗೊಂಡು ಏಳಾಕ ಹೋದೆ. ಅಲ್ಲಿರೋ ಮನಷ್ಯಾ ಬಿಡಲಿಲ್ಲ. ನೀವು ಕುಂದರ್ರಿ ಅಮ್ಮಾ ಅಂದ, ತಾನ ಒಯ್ದ," ಎಂದಳು. ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದಳು: "ತಾನ ಒಯ್ದರಿ." ಆಮೇಲೆ ವ್ಯಾನಿಟಿ ಚೀಲದಿಂದ ಕಾಗದದಲ್ಲಿ ಸುತ್ತಿದ ಒಂದು ವಡೆ ತೆಗೆದು ನನ್ನ ಕೈಗಿಟ್ಟಳು. ಎರಡನೆಯ ಷರತ್ತು ನನಗೆ ಚೆನ್ನಾಗಿ ನೆನಪಿತ್ತು. ಕಂಬದ ಮರೆಗೆ ಹೋಗಿ ತಿಂದೆ. ಕಾವಲಿನವನು ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ.

ಊರಿಗೆ ಬಂದಮೇಲೆ ಮೆಹಬೂಬಸಾಬರು, "ಆ ಕಾರ್ಡು ಇಟ್ಕೊಳ್ಳೋದ್ರಾಗ ಲಾಭ ಐತೇನ್ರಿ?" ಎಂದು ಕೇಳಿದರು. ಅನ್ನಪೂರ್ಣಳ ತೀರ್ಮಾನ ಆಗಲೇ ಆಗಿತ್ತು. "ಮತ್ತ ಹೋಗಬೇಕಂದ್ರ ಮತ್ತ ಅರಿವಿ ಖರೀದಿ ಮಾಡಬೇಕು. ಒಮ್ಮೆ ಕುಂತೆ, ಸಾಕು. ಬಂದ್ ಮಾಡಸ್ರಿ," ಎಂದಿದ್ದಳು. ನ್ಯಾಯವಾದ ಮಾತು, ನಾನೇ ಹೇಳಬೇಕಾಗಿದ್ದ ಮಾತು. ಆದರೆ ಒಳಗೆ ಇನ್ನೂ ಏನೇನಿತ್ತೋ ಎಂಬ ಅನುಮಾನ ನನ್ನನ್ನು ಬಿಡಲೊಲ್ಲದು. ಗಂಡನ ಹೆಸರಿಗೂ ಒಂದು ಕಾರ್ಡು ಕೊಡುತ್ತಾರಂತೆ, ಪುಕ್ಕಟೆ. ಕಳೆದ ವಾರ ಗಂಗಾವತಿಗೆ ಹೋಗಿ ಅರ್ಜಿಗೆ ಸಹಿ ಹಾಕಿ ಬಂದೆ. ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದೆ.