ಕಮ್ಮಾರ ನುಂಗಿದ ಕಬ್ಬಿಣ

"ಹಗಲೆಲ್ಲ ಕಬ್ಬಿಣ ಬಗ್ಗಿಸೋನು ನಾನು. ನಿನಗೊಂದು ಕಬ್ಬಿಣದ ಮಾತ್ರೆ ನುಂಗಿಸೋಕೆ ಆಗಲ್ವಾ?" ಎಂದು ಕಮ್ಮಾರ ಮೀಸೆ ತಿರುವಿದ.

ಹೆಂಡತಿಗೆ ಐದು ತಿಂಗಳು, ಚೊಚ್ಚಲು. ರಕ್ತ ಕಡಿಮೆಯಿದೆ, ಹೀಗೇ ಇದ್ದರೆ ಹೆರಿಗೆಗೆ ದೂರದ ದೊಡ್ಡಾಸ್ಪತ್ರೆಗೇ ಹೋಗಬೇಕು ಎಂದು ನರ್ಸಮ್ಮ ಹೇಳಿದಂದಿನಿಂದ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಗಂಟೆಗೊಮ್ಮೆ ಕುಲುಮೆ ಬಿಟ್ಟು ಓಡಿ ಬಂದು, "ಮಾತ್ರೆ ಆಯ್ತಾ?" ಎನ್ನುವನು.

"ವಾಸನೆಗೇ ಹೊಟ್ಟೆ ತೊಳಸುತ್ತೆ ಕಣ್ರೀ."

"ಅದರಲ್ಲೇನಿದೆ? ನೋಡು, ನಾನೂ ನುಂಗ್ತೀನಿ."

ಅಂದಿನಿಂದ ದಿನಾ ಅವಳಿಗೊಂದು, ಅವನಿಗೊಂದು. ನುಂಗಿ ಅವನು ಬಾಯಿ ಅಗಲಿಸಿ ತೋರಿಸುವನು, ಅವಳೂ ತೋರಿಸುವಳು.

ನಾಲ್ಕನೆಯ ಬೆಳಿಗ್ಗೆ ಕಮ್ಮಾರ ಪಾಯಿಖಾನೆಯಿಂದ ಗೋಡೆ ಹಿಡಿದುಕೊಂಡು ಹೊರಬಂದ. ರಕ್ತ ಕಡಿಮೆಯಿದ್ದದ್ದು ಹೆಂಡತಿಗೆ, ಬಿಳಿಚಿಕೊಂಡವನು ಗಂಡ. ಇದ್ದಿಲನ್ನೂ ನಾಚಿಸುವ ಕಪ್ಪನ್ನು ಅವನು ಕಣ್ಣಾರೆ ಕಂಡಿದ್ದ. ಒಳಗೆಲ್ಲೋ ಕರುಳು ಹರಿದಿದೆ, ಇನ್ನು ಮಗುವಿನ ಮುಖ ನೋಡುವ ಯೋಗವಿಲ್ಲ ಎಂದುಕೊಂಡ. ಕುಲುಮೆ ಹೊತ್ತಿಸಲಿಲ್ಲ. ಅಂಗಳದಲ್ಲಿ ಹತ್ತು ಸುತ್ತು ಹಾಕಿ, ಬಾಗಿಲಿಗೊರಗಿ ನಿಂತ.

"ಮಗೂನ ಚೆನ್ನಾಗಿ ಓದಿಸು," ಎಂದ.

"ನೀವೆಲ್ಲಿಗೆ ಹೊರಟ್ರಿ?"

ಒತ್ತಾಯ ಮಾಡಿ ವಿಷಯ ಬಾಯಿ ಬಿಡಿಸಿದವಳೇ, ಅವನ ರಟ್ಟೆ ಹಿಡಿದು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದಳು.

ಅಲ್ಲಿ ಬೆಂಚಿನ ತುಂಬ ಬಸುರಿಯರು. ಕಮ್ಮಾರ ನರ್ಸಮ್ಮನ ಕಿವಿಯಲ್ಲಿ ಪಿಸುಗುಟ್ಟಿದ. ನರ್ಸಮ್ಮನಿಗೆ ಪಿಸುಗುಟ್ಟಿ ಅಭ್ಯಾಸವಿರಲಿಲ್ಲ.

"ಕಪ್ಪಗಾ? ಇವಳ ಮಾತ್ರೆ ನುಂಗಿದ್ರಾ? ಅದು ನುಂಗಿದರೆ ಮಲ ಕಪ್ಪಗಾಗೋದು ಸಹಜ, ಹೆದರೋದೇನಿಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನಿನಗೂ ಹಾಗೇ ಆಗ್ತಿರಬೇಕಲ್ವಾ?"

ಹೆಂಡತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಇಲ್ಲ," ಎಂದಳು ಕೊನೆಗೆ. "ನಾಲಿಗೆ ಕೆಳಗಿಟ್ಕೊಂಡು, ಇವರು ಆಕಡೆ ಹೋದ ಮೇಲೆ ಉಗೀತಿದ್ದೆ. ಪೊಲೀಸರ ಹಾಗೆ ಎದುರಿಗೆ ಕೂತರೆ ಗಂಟಲಲ್ಲಿ ಇಳಿಯುತ್ತಾ?"

ಕಮ್ಮಾರ ಬಗ್ಗಿ ಅವಳ ಬಾಯಿಯನ್ನೇ ನೋಡಿದ.

"ರಾತ್ರಿ ಊಟ ಆದ ಮೇಲೆ ನಿಂಬೆರಸದ ಜೊತೆ ತಗೊಂಡು ನೋಡು. ಟೀ ಜೊತೆ ಬೇಡ," ಎಂದು ನರ್ಸಮ್ಮ ಹೊಸ ಮಾತ್ರೆಗಳನ್ನು ಅವಳ ಕೈಗೇ ಕೊಟ್ಟರು. ಆಮೇಲೆ ಗಂಭೀರವಾಗಿ ಪೆನ್ನು ತೆಗೆದು, "ಇವನ್ನೂ ನೀವೇ ನುಂಗೋದಾದ್ರೆ ಈಗಲೇ ಹೇಳಿಬಿಡಿ ಯಜಮಾನರೇ. ಹೆರಿಗೆ ಮಂಚ ನಿಮ್ಮ ಹೆಸರಿಗೇ ಬರೀತೀನಿ," ಎಂದರು.

ಬೆಂಚಿಗೆ ಬೆಂಚೇ ನಕ್ಕಿತು. ವಾರಗಟ್ಟಲೆ ಸಪ್ಪಗಿದ್ದ ಹೆಂಡತಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅವಳನ್ನೇ ನೋಡುತ್ತಾ ಕಮ್ಮಾರ ತಗ್ಗಿದ ದನಿಯಲ್ಲಿ ಹೇಳಿದ:

"ಬರ್ಕೊಳ್ಳಿ ನರ್ಸಮ್ಮ."