ತಲೆಗೆಣ್ಣೆಯ ವಿಚಾರವಾಗಿ ನಮ್ಮ ಹಿತ್ತಲಿನ ಅಳಿಲಿಗೆ

ಹಿತ್ತಲಿನ ತ್ಸುಬಾಕಿ ಎಂಬ ಎಣ್ಣೆಬೀಜದ ಮರದಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವ, ಬಾಲವನ್ನೇ ಬಿರುದಾಗಿ ಧರಿಸಿರುವ ಮಾನ್ಯರೇ,

ಸೊಂಟ ಒಪ್ಪುವಷ್ಟು ಬಗ್ಗಿ ನಮಸ್ಕರಿಸುತ್ತೇನೆ. ಇದಕ್ಕಿಂತ ಹೆಚ್ಚು ಬಗ್ಗಬಾರದೆಂದು ವೈದ್ಯರು ಹೇಳಿರುವುದರಿಂದ ಅಗೌರವವೆಂದು ಭಾವಿಸಬಾರದು.

ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಂಬುವುದೇನು, ದಿನವೂ ಕಣ್ಣಾರೆ ಕಾಣುತ್ತಿದ್ದೇನೆ. ಬೆಳಗಿನ ಬಿಸಿಲಿಗೆ ತಮ್ಮ ಬಾಲ ಹೇಗೆ ಮಿರಮಿರನೆ ಮಿಂಚುತ್ತದೆಂದರೆ ಬಂದರಿನಲ್ಲಿ ಇಳಿದ ಟೋಕಿಯೋ ಪ್ರವಾಸಿಗರು ನನ್ನ ಬೇಲಿಯ ಬಳಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಆ ಮಿಂಚು ಯಾರ ಮನೆಯದು ಎಂಬುದೇ ಈ ಪತ್ರದ ವಿಷಯ. ದೂರುಪತ್ರವನ್ನು 'ವಿತ್ ಡ್ಯೂ ರೆಸ್ಪೆಕ್ಟ್' ಎಂದು ಶುರುಮಾಡಿ 'ಯುವರ್ ಒಬೀಡಿಯೆಂಟ್' ಏನೋ ಒಂದು ಎಂದು ಮುಗಿಸಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು ಕಲಿಸಿದ್ದರು. ನಡುವೆ ಏನು ಬರೆಯಬೇಕೆಂದು ಹೇಳಿಕೊಟ್ಟ ದಿನ ನಾನು ಮೀನು ಹಿಡಿಯಲು ಹೋಗಿದ್ದೆನಾದ್ದರಿಂದ, ನಡುವಿನದನ್ನು ನನಗೆ ತೋಚಿದಂತೆ ಬರೆಯುತ್ತಿದ್ದೇನೆ, ಮನ್ನಿಸಬೇಕು.

ನಾನು ನಿಶಿವಾಕಿ ಕೋಹೇಯಿ, ಹಡಗಿನ ಟಿಕೆಟ್ ಕಿಟಕಿಯ ಹಿಂದೆ ಕೂತು ಮುದುಕನಾದವನು. ತಾವು ವಾಸವಾಗಿರುವ ಮರವನ್ನು ಗಾಳಿಗೆ ಅಡ್ಡವಾಗಲೆಂದು ನೆಟ್ಟವಳು ನನ್ನ ಹೆಂಡತಿ ಹಾತ್ಸು. ಈ ದ್ವೀಪದ ಗಾಳಿ ತಮಗೆ ಗೊತ್ತೇ ಇದೆ. ಸಮುದ್ರದ ಉಪ್ಪನ್ನೆಲ್ಲ ಹೊತ್ತು ತಂದು ಮನುಷ್ಯನ ತಲೆಯ ಮೇಲೆ ಸುರಿದು ಹೋಗುತ್ತದೆ. ಒಂದು ವಾರ ಎಣ್ಣೆ ಕಾಣದ ಕೂದಲು ಭತ್ತದ ಒಣಹುಲ್ಲಾಗುತ್ತದೆ, ಒಂದು ತಿಂಗಳಾದರೆ ಪಾತ್ರೆ ಉಜ್ಜುವ ನಾರು. ಪ್ರತಿ ಶರತ್ಕಾಲದಲ್ಲೂ ಹಾತ್ಸು ಉದುರಿದ ಬೀಜ ಆಯ್ದು, ಒಣಗಿಸಿ, ಗಾಣದ ಯಾಸುಗೊರೊನಲ್ಲಿಗೆ ಕೊಂಡುಹೋಗಿ ಎಣ್ಣೆ ಮಾಡಿಸಿ ತರುತ್ತಿದ್ದಳು. ಸ್ನಾನ ಮುಗಿಸಿ ಬಂದವನನ್ನು ಕೂರಿಸಿ, ಅಂಗೈಯಲ್ಲಿ ಎರಡೇ ಹನಿ ಉಜ್ಜಿ ಬಿಸಿ ಮಾಡಿ, ಕೂದಲ ತುದಿಯಿಂದ ಮೇಲಕ್ಕೆ ಸವರಿ ಮರದ ಬಾಚಣಿಗೆಯಲ್ಲಿ ಬಾಚುತ್ತಿದ್ದಳು. ಪತ್ರಿಕೆ ಓದುತ್ತ ಕೂತಿರುತ್ತಿದ್ದ ನನಗೆ ಎಣ್ಣೆ ಯಾವ ಬಾಟಲಿಯಿಂದ ಬರುತ್ತದೆಂದು ನೋಡುವ ಪ್ರಮೇಯವೇ ಬರಲಿಲ್ಲ.

ಪ್ರಮೇಯ ಬಂದದ್ದು ಅವಳು ಹೋದ ಮೇಲೆ. ನಮ್ಮ ದ್ವೀಪದಲ್ಲಿ ತ್ಸುಬಾಕಿ ಎಣ್ಣೆ ತಲೆಗೂ ಸರಿ, ಬಾಣಲೆಗೂ ಸರಿ. ಅಡುಗೆಮನೆಯ ಹಲಗೆಯ ಮೇಲೆ ಒಂದೇ ತರದ ಎರಡು ಬಾಟಲಿಗಳಿದ್ದವು. ನಾನು ಒಂದನ್ನು ತೆಗೆದು, ಎರಡು ಹನಿ ಜಿಪುಣತನವೆನಿಸಿ, ಒಂದು ಬೊಗಸೆಯಷ್ಟು ತಲೆಗೆ ಹಾಕಿಕೊಂಡು ಕ್ಷೌರಕ್ಕೆ ಹೊರಟೆ. ದಾರಿಯಲ್ಲಿ ಬಂದರಿನ ಬೆಕ್ಕುಗಳೆಲ್ಲ ಹಿಂದೆ ಬಂದವು. ವಯಸ್ಸಾದವರಿಗೆ ಪ್ರಾಣಿಗಳೂ ಮರ್ಯಾದೆ ಕೊಡುತ್ತವೆಂದು ಸಂತೋಷಪಟ್ಟೆ. ಕ್ಷೌರದಂಗಡಿಯ ಕಿನುಯೋ ಸಾನ್ ನನ್ನ ಕುತ್ತಿಗೆಗೆ ಬಟ್ಟೆ ಕಟ್ಟಿ, ಮೂಗು ಅರಳಿಸಿ, ನನ್ನ ನೆತ್ತಿಯನ್ನೊಮ್ಮೆ ಮೂಸಿ ನೋಡಿದರು.

"ನಿಶಿವಾಕಿ ಸಾನ್, ತಪ್ಪು ತಿಳ್ಕೋಬೇಡಿ. ಇವತ್ತು ತಲೆ ಮೇಲೆ ಏನು ಕರಿದ್ರಿ?"

"ಏನೂ ಇಲ್ವಲ್ಲ. ಎಣ್ಣೆ ಹಚ್ಕೊಂಡೆ."

"ಇದು ಬಂಗುಡೆ ಕರಿದು ಸೋಸಿಟ್ಟ ಎಣ್ಣೆ ಕಣ್ರೀ! ಹೊರಗೆ ನೋಡಿ, ನಿಮ್ಮ ನೆಂಟರೆಲ್ಲ ಬಾಗಿಲಲ್ಲಿ ಕಾಯ್ತಿದ್ದಾರೆ."

ಕಿನುಯೋ ಸಾನ್ ಕೂಡ ಒಂಟಿಯೇ. ಗಂಡ ದೋಣಿಯವರು, ತೀರಿಹೋಗಿ ಬಹಳ ಕಾಲವಾಯಿತು. ಅವರು ಮೂರು ಸಲ ತಲೆ ತೊಳೆದರು. ತೊಳೆದಷ್ಟೂ ಕೂದಲು ಇನ್ನೂ ನಾರಾಯಿತು. ಕೊನೆಗೆ ಕತ್ತರಿ ಕೆಳಗಿಟ್ಟು, "ಇದನ್ನ ಕತ್ತರಿಸಿದ್ರೆ ನನ್ನ ಕತ್ತರಿ ಹಾಳು. ಅಂಗಡಿ ಎಣ್ಣೆ ನಿಮಗೆ ಒಗ್ಗಲ್ಲ. ಈ ವರ್ಷ ನಿಮ್ಮ ಮನೆ ಮರದ ಎಣ್ಣೆ ಮಾಡಿಸಿ ತನ್ನಿ, ನಾನೇ ಹಚ್ಚಿ ಬಾಚ್ತೀನಿ" ಎಂದರು.

ಮಾನ್ಯರೇ, ತಮಗೆ ಇದು ಸಣ್ಣ ಮಾತೆನಿಸಬಹುದು. ತಮ್ಮ ಬಾಲವನ್ನು ತಾವೇ ನೆಕ್ಕಿಕೊಳ್ಳಬಲ್ಲಿರಿ. ಮನುಷ್ಯನಿಗೆ ಆ ಅನುಕೂಲವಿಲ್ಲ. ಹಾತ್ಸು ಹೋದ ಮೇಲೆ ನನ್ನ ತಲೆಯನ್ನು ಮುಟ್ಟಿದ್ದು ಕತ್ತರಿ, ಟೋಪಿ ಮತ್ತು ಬಾಗಿಲಿನ ಚೌಕಟ್ಟು ಮಾತ್ರ. ಆ ದಿನ ಮನೆಗೆ ಬಂದು ಹಾತ್ಸುವಿನ ಪಟದ ಮುಂದೆ ಕೂತು ವಿಷಯ ತಿಳಿಸಿದೆ. ಅವಳು ಏನೂ ಅನ್ನಲಿಲ್ಲ. ಬದುಕಿದ್ದಾಗಲೂ ಅವಳು ಒಪ್ಪಿಗೆ ಕೊಡುತ್ತಿದ್ದದ್ದು ಹೀಗೆಯೇ.

ಹಾಗಾಗಿ ಎಣ್ಣೆ ಬೇಕೇ ಬೇಕಾಯಿತು. ಆದರೆ ಯಾಸುಗೊರೊ ಒಂದು ಬುಟ್ಟಿ ತುಂಬದ ಬೀಜಕ್ಕೆ ಗಾಣ ಹೂಡುವವನಲ್ಲ. ತುಂಬಿದ ಬುಟ್ಟಿಗೆ ಮನೆಯ ಹೆಸರು ಬರೆದ ಬಾಟಲಿ ಸಿಗುತ್ತದೆ. ಅರೆಬುಟ್ಟಿ ತಂದವರ ಬೀಜ ಊರೊಟ್ಟಿನ ಚೀಲಕ್ಕೆ ಸೇರಿ, ಹೆಸರಿಲ್ಲದ ಎಣ್ಣೆಯಾಗಿ ಪ್ರವಾಸಿಗರ ಅಂಗಡಿಗೆ ಹೋಗುತ್ತದೆ. ನಮ್ಮವರಲ್ಲಿ ಇನ್ನೊಂದು ಪದ್ಧತಿಯಿದೆ: ಬೀಜವನ್ನು ಮರದಿಂದ ಕೀಳುವುದಿಲ್ಲ, ಅದಾಗಿ ಉದುರುವವರೆಗೆ ಕಾಯುತ್ತೇವೆ. ನಾನು ಕಾದೆ. ತಾವು ಕಾಯಲಿಲ್ಲ.

ತಮ್ಮ ಕೆಲಸದ ಅಚ್ಚುಕಟ್ಟನ್ನು ಹೊಗಳದೆ ಇರಲಾರೆ. ನಾನು ಸುತ್ತಿಗೆಯಲ್ಲಿ ಬಡಿದರೂ ಬಿರಿಯದ ಕಾಯನ್ನು ತಾವು ಎರಡು ಕೈಯಲ್ಲಿ ಹಿಡಿದು, ಪೂಜೆಯ ಬಟ್ಟಲಿನಂತೆ ತಿರುಗಿಸುತ್ತ, ಒಳಗಿನದನ್ನು ಖಾಲಿ ಮಾಡಿ, ಸಿಪ್ಪೆಯನ್ನು ಸರಿಯಾಗಿ ನನ್ನ ನೆತ್ತಿಯ ಮೇಲೆ ಬೀಳಿಸುವಿರಿ. ನಾನು ತಗಡು ಬಡಿದೆ; ತಾವು ತಾಳಕ್ಕೆ ತಕ್ಕಂತೆ ತಿಂದಿರಿ. ಕನ್ನಡಿ ಚೂರು ಕಟ್ಟಿದೆ; ಅದರಲ್ಲಿ ಮುಖ ನೋಡಿಕೊಂಡಿರಿ. ಕೊಂಬೆಗೆ ರೇಡಿಯೋ ನೇತುಹಾಕಿ ಇಂಗ್ಲಿಷ್ ಪಾಠ ಹಚ್ಚಿದೆ. ತಾವು ಹತ್ತಿರ ಬಂದು ಪೂರ್ತಿ ಪಾಠ ಕೇಳಿದಿರಿ. ಈಗ ತಮ್ಮ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿರಬಹುದೆಂಬ ಅನುಮಾನವೂ ನನಗಿದೆ.

ನನ್ನ ಎಣ್ಣೆಯೆಲ್ಲ ತಮ್ಮ ಬಾಲ ಸೇರಿರುವುದರಿಂದ, ದಿನಕ್ಕೊಮ್ಮೆ ಇಳಿದುಬಂದು ಆ ಬಾಲವನ್ನು ನನ್ನ ತಲೆಯ ಮೇಲೆ ಎರಡು ಸಲ ಸವರಿ ಹೋಗಬೇಕೆಂದು ಬೇಡಿಕೊಳ್ಳುವ ಉದ್ದೇಶದಿಂದಲೇ ಈ ಪತ್ರ ಶುರುಮಾಡಿದ್ದೆ. ಅಷ್ಟರಲ್ಲಿ ಗಾಣದ ದಿನ ಬಂತು.

ಉಳಿದದ್ದು ಅರ್ಧ ಬುಟ್ಟಿ. ಅದನ್ನೇ ಹೊತ್ತು ಹೋದೆ. ಸಾಲಿನಲ್ಲಿ ನನ್ನ ಮುಂದೆ ಕಿನುಯೋ ಸಾನ್ ನಿಂತಿದ್ದರು, ಅವರ ಕೈಯಲ್ಲೂ ಅರ್ಧ ಬುಟ್ಟಿ. ತಮ್ಮ ದಾಯಾದಿಗಳು ಅವರ ಹಿತ್ತಲಿನಲ್ಲಿ ಬೀಡುಬಿಟ್ಟಿದ್ದಾರಂತೆ. ಯಾಸುಗೊರೊ ಇಬ್ಬರ ಬುಟ್ಟಿಯನ್ನೂ ಇಣುಕಿ ನೋಡಿ, "ಇದೇನ್ರಪ್ಪಾ, ಇಬ್ಬರೂ ಮಾತಾಡ್ಕೊಂಡು ಬಂದಿದ್ದೀರೋ ಹೇಗೆ? ಎರಡೂ ಊರೊಟ್ಟಿನ ಚೀಲಕ್ಕೆ" ಎಂದು ಕೈ ಚಾಚಿದ.

ಆಗ ಕಿನುಯೋ ಸಾನ್ ತಮ್ಮ ಬುಟ್ಟಿಯನ್ನು ಎತ್ತಿ ನನ್ನ ಬುಟ್ಟಿಯೊಳಗೆ ಸುರಿದುಬಿಟ್ಟರು.

ನಮ್ಮ ದ್ವೀಪದಲ್ಲಿ ಎರಡು ಮನೆಯ ಬೀಜ ಒಂದು ಬುಟ್ಟಿಗೆ ಬೀಳುವುದೆಂದರೆ ಎರಡು ಮನೆ ಒಂದಾದಂತೆಯೇ ಎಂದು, ಇಲ್ಲೇ ಹುಟ್ಟಿ ಬೆಳೆದ ತಮಗೆ ವಿವರಿಸಬೇಕಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ಒಮ್ಮೆಗೇ ಕೆಮ್ಮತೊಡಗಿದರು.

"ಅಮ್ಮಾ," ಎಂದ ಯಾಸುಗೊರೊ, ಹೆಸರು ಬರೆಯುವ ಕುಂಚವನ್ನು ಕಿವಿಯ ಸಂದಿನಿಂದ ತೆಗೆಯುತ್ತ, "ಬಾಟಲಿ ಮೇಲೆ ಯಾವ ಮನೆ ಹೆಸರು ಬರೀಲಿ?"

"ಎರಡೂ ಬರಿ. ಜಾಗ ಸಾಲದಿದ್ರೆ ದೊಡ್ಡ ಬಾಟಲಿ ತಗೋ."

"ಅದು ಸರಿ. ಬಾಟಲಿ ಇರೋದು ಯಾರ ಮನೇಲಿ?"

"ಬಾಟಲಿ ನಮ್ಮನೇಲಿ ಇರುತ್ತೆ," ಎಂದರು ಕಿನುಯೋ ಸಾನ್, "ತಲೆ ದಿನಾ ಬಂದು ಹೋಗುತ್ತೆ."

ಯಾಸುಗೊರೊ ನನ್ನ ಕಡೆ ತಿರುಗಿ, "ಏನಯ್ಯಾ ತಲೆ, ಒಪ್ಪಿಗೇನಾ?" ಎಂದ. ನಾನು ವೈದ್ಯರ ಮಾತು ಮರೆತು ಪೂರ್ತಿ ಬಗ್ಗಿದೆ. ಎತ್ತಿ ನಿಲ್ಲಿಸಲು ಇಬ್ಬರು ಬೇಕಾದರು.

ಅಂದಿನಿಂದ ಪ್ರತಿ ಸಂಜೆ ಸ್ನಾನ ಮಾಡಿ ಕಿನುಯೋ ಸಾನ್ ಮನೆಯಿರುವ ಗುಡ್ಡ ಹತ್ತುತ್ತಿದ್ದೇನೆ. ಎರಡೇ ಹನಿ. ಬಾಚುತ್ತ ಅವರು ಊರಿನವರನ್ನೆಲ್ಲ ಬೈಯುತ್ತಾರೆ, ನಾನು ಹೌದು ಹೌದು ಎನ್ನುತ್ತೇನೆ. ಕೂದಲು ಮೆತ್ತಗಾಗಿದೆಯೆಂದು ಅವರು ಹೇಳುತ್ತಾರೆ. ಅಷ್ಟು ಬೇಗ ಮೆತ್ತಗಾಗದಿರಲೆಂದು ನಾನು ವಾಪಸು ಬರುವಾಗ ಟೋಪಿ ತೆಗೆದು ಗಾಳಿಗೆ ತಲೆಯೊಡ್ಡಿ ನಡೆಯುತ್ತೇನೆ.

ಆದ್ದರಿಂದ ಮಾನ್ಯರೇ, ಬಾಲದ ಬೇಡಿಕೆಯನ್ನು ಹಿಂದಕ್ಕೆ ಪಡೆದು ಅದರ ಬದಲು ಇದೊಂದನ್ನು ವಿನಂತಿಸುತ್ತೇನೆ. ಮುಂದಿನ ಶರತ್ಕಾಲದಲ್ಲಿ ದಯವಿಟ್ಟು ಬೀಜ ಬಿಟ್ಟುಬಿಡುವ ಔದಾರ್ಯವನ್ನು ತೋರಬೇಡಿ. ನನ್ನ ಹಿತ್ತಲಿನಲ್ಲಿ ತಾವೂ, ಗುಡ್ಡದ ಮೇಲೆ ತಮ್ಮ ದಾಯಾದಿಗಳೂ ಕೂತು ಸಮಾಲೋಚಿಸಿ, ಎರಡೂ ಮನೆಗಳಲ್ಲಿ ಸರಿಯಾಗಿ ಅರ್ಧರ್ಧ ಬುಟ್ಟಿ ಮಾತ್ರ ಉಳಿಯುವಂತೆ ತಿನ್ನಬೇಕು. ಒಂದು ಹಿಡಿ ಹೆಚ್ಚು ಉಳಿದರೂ ನಾನು ಕಷ್ಟಕ್ಕೆ ಸಿಕ್ಕುತ್ತೇನೆ.

ದೋಚಿಸಿಕೊಂಡೂ ದೂರಲಾರದ,
ತಮ್ಮ ವಿಶ್ವಾಸಿ,
ನಿಶಿವಾಕಿ ಕೋಹೇಯಿ

ಮರೆತ ಮಾತು: ಊರಾಡಳಿತದವರು ಬೇಲಿಯ ಪಕ್ಕ ಒಂದು ತಂತಿಯ ಪಂಜರವಿಟ್ಟು, ಒಳಗೆ ಬೇಯಿಸಿದ ಸಿಹಿಗೆಣಸು ಇಟ್ಟಿದ್ದಾರೆ. ಅದು ತಮ್ಮ ಸತ್ಕಾರಕ್ಕಾಗಿಯೇ. ಸದ್ಯಕ್ಕೆ ಅದರ ಬಾಗಿಲು ಬೀಳದಂತೆ ನಾನು ಒಂದು ಕಡ್ಡಿ ಸಿಕ್ಕಿಸಿದ್ದೇನೆ. ಮುಂದಿನ ವರ್ಷ ನನ್ನ ಬುಟ್ಟಿ ತುಂಬಿದ ದಿನ ಆ ಕಡ್ಡಿ ನನ್ನ ಜೇಬಿನಲ್ಲಿರುತ್ತದೆ.