ಹೋದ ನೀರು ತಿರುಗಿ ಬರುವುದಿಲ್ಲವೆಂದು ನಂಬಿ

ಭೂಗೋಳದಲ್ಲಿ ಎಂ.ಎ. ಮಾಡಿದವಳು ಸಮುದ್ರಕ್ಕೆ ಹೆದರಬೇಕಾಗಿಲ್ಲ ಎಂಬ ದೃಢ ವಿಶ್ವಾಸದಿಂದ ನಾನು ಕಾರವಾರದ ದ್ವೀಪಗಳನ್ನು ನೋಡಲು ಹೊರಟೆ. ಜೊತೆಗೆ ಗಂಡ ಶ್ರೀಕಾಂತ. ಮದುವೆಯಾದ ಮೇಲಿನ ಮೊದಲ ಪ್ರವಾಸವಾದ್ದರಿಂದ ಅವರ ಜೊತೆಗೆ ಅತ್ತೆ. ಅತ್ತೆಯ ಜೊತೆಗೆ ಒಂದು ಡಬ್ಬ ನಿಪ್ಪಟ್ಟು.

ನನಗೆ ದ್ವೀಪಗಳಿಗಿಂತ ಮುಖ್ಯವಾದ ಕೆಲಸವಿತ್ತು. ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಒಪ್ಪಿಗೆ ತಿಳಿಸಬೇಕು. ಮಾಲೂರಿನ ನಮ್ಮ ಮನೆಯಿಂದ ದಿನಾ ಓಡಾಡುವುದು ಕಷ್ಟ. ವಾರವಿಡೀ ಅಲ್ಲಿ ನನ್ನ ತವರಿನಲ್ಲಿದ್ದು ಶನಿವಾರ ಬರಬೇಕು. ಈ ಮಾತು ಎತ್ತಿದಾಗಲೆಲ್ಲ ಶ್ರೀಕಾಂತ "ನೋಡೋಣ" ಎಂದು ಅಡುಗೆಮನೆಯ ಕಡೆ ನೋಡುತ್ತಿದ್ದರು. ಅಡುಗೆಮನೆಯಲ್ಲಿ ಅತ್ತೆ ಇರುತ್ತಿದ್ದರು. ಅಡುಗೆಮನೆಯೇ ಇಲ್ಲದ ಜಾಗದಲ್ಲಿ ಕೇಳಿದರೆ ಉತ್ತರ ಬಂದೀತೆಂದು ನಾನು ವೈಜ್ಞಾನಿಕವಾಗಿ ತೀರ್ಮಾನಿಸಿದೆ.

ಕೊಲ್ಲಿ ಚೆನ್ನಾಗಿಯೇ ಇತ್ತು. ನೀಲಿ ನೀರಿನಲ್ಲಿ ಅಲ್ಲಲ್ಲಿ ಹಸಿರು ಗುಡ್ಡಗಳು ಕೂತಿದ್ದವು.

"ಇಷ್ಟು ನೀರು ಇಲ್ಲಿ ಸುಮ್ನೆ ಬಿದ್ದಿದೆಯಲ್ಲೋ" ಎಂದರು ಅತ್ತೆ, ಮಗನಿಗೆ, ಹೊಟ್ಟೆಕಿಚ್ಚಿನಿಂದ. ನಮ್ಮ ಬೀದಿಗೆ ಟ್ಯಾಂಕರ್ ಬರುವ ದಿನ ಮೊದಲ ಕೊಡ ಅವರದೇ.

ದೋಣಿಯವರು ನಮ್ಮನ್ನು ಒಂದು ದೊಡ್ಡ ದ್ವೀಪದಲ್ಲಿ ಇಳಿಸಿ, ಆಚೆ ಕಾಣುತ್ತಿದ್ದ ಪುಟ್ಟ ದ್ವೀಪ ತೋರಿಸಿದರು. "ಮರಳ ಮೇಲೆ ನಡ್ಕೊಂಡೇ ಹೋಗ್ಬಹುದು. ಬೇಗ ಬನ್ನಿ, ನೀರು ಬರ್ತದೆ."

ಅತ್ತೆಗೆ ಮಂಡಿನೋವು. ಬಂಡೆಯ ಮೇಲೆ ಕೂತು ಡಬ್ಬ ತೆರೆದರು. ದೇವರಿದ್ದಾನೆ ಎಂದುಕೊಂಡೆ.

ಮರಳ ದಾರಿಯ ನಡುವೆ ಚಪ್ಪಲಿ ಬಿಚ್ಚಿಟ್ಟೆ. "ನೀರು ಬರುತ್ತೆ ಅಂದ್ರಲ್ಲ?" ಎಂದರು ಶ್ರೀಕಾಂತ.

ನಾನು ಆಕಾಶ ನೋಡಿದೆ. ಒಂದು ಮೋಡವೂ ಇರಲಿಲ್ಲ.

"ಎಲ್ಲಿಂದ ಬರುತ್ತೆ ರೀ?" ಎಂದೆ.

ಈ ಮಾತಿಗೆ ವಿವರಣೆ ಬೇಕು. ಉಬ್ಬರವಿಳಿತದ ಬಗ್ಗೆ ಪರೀಕ್ಷೆಯಲ್ಲಿ ಚಂದ್ರನ ಚಿತ್ರ ಸಮೇತ ಉತ್ತರ ಬರೆದವಳು ನಾನು. ಆದರೆ ನನ್ನ ಕಣ್ಣು ಕೋಲಾರ ಜಿಲ್ಲೆಯದು. ನಮ್ಮಲ್ಲಿ ನೀರು ಹೋಯಿತೆಂದರೆ ಹೋಯಿತು. ಬತ್ತಿದ ಕೆರೆಯಲ್ಲಿ ಮೊದಲು ದನ ಮೇಯುತ್ತವೆ, ಆಮೇಲೆ ಹುಡುಗರು ಕ್ರಿಕೆಟ್ ಆಡುತ್ತಾರೆ, ಆಮೇಲೆ ಯಾರೋ ಬಂದು ಸೈಟು ಅಳೆಯುತ್ತಾರೆ. ಈಚೆಗೆ ಕೆಲವು ಕೆರೆಗಳು ತುಂಬಿರುವುದು ನಿಜ. ಅದು ಬೆಂಗಳೂರಿನವರು ಸ್ನಾನ ಮಾಡಿ ಬಿಟ್ಟದ್ದು, ಪೈಪಿನಲ್ಲಿ ಬಂದದ್ದು. ಹೋದ ನೀರು ತಾನಾಗಿ, ಅದೂ ಅದೇ ದಿನ, ತಿರುಗಿ ಬಂದದ್ದನ್ನು ನಮ್ಮ ವಂಶದಲ್ಲಿ ಯಾರೂ ಕಂಡಿಲ್ಲ.

ಪುಟ್ಟ ದ್ವೀಪದ ಮರದ ನೆರಳಲ್ಲಿ ಕೂತು ಕೆಲಸದ ವಿಷಯ ಕೇಳಿದೆ. ಶ್ರೀಕಾಂತ ಕಡಲು ನೋಡಿದರು. ಒಂದು ಚಿಪ್ಪು ಎತ್ತಿ ನೋಡಿದರು. ಅಡುಗೆಮನೆಗಾಗಿ ಹುಡುಕಿದರು, ಸಿಗಲಿಲ್ಲ. ಕೊನೆಗೆ, "ವಾರ ಪೂರ್ತಿ ಅಲ್ಲೇ ಇರ್ಬೇಕಾ?" ಎಂದರು.

ಅದು "ನೋಡೋಣ" ಅಲ್ಲ. ನನ್ನ ಮಾತಿಗೆ ಅವರಿಂದ ಬಂದ ಮೊದಲ ಪ್ರಶ್ನೆ.

"ಬುಧವಾರಾನೂ ಬಂದುಹೋಗ್ತೀನಿ" ಎಂದೆ.

"ಹಾಗಾದ್ರೆ..." ಎಂದು ಅವರು ಬಾಯಿ ತೆರೆದರು.

"ಒರೇಯ್, ರಾರಾ!"

ಅತ್ತೆಗೆ ಭಯವಾದರೆ 'ಬಾರೋ' ಕೂಡ ತೆಲುಗಿನಲ್ಲೇ ಬರುತ್ತದೆ. ತಿರುಗಿ ನೋಡಿದರೆ ಮರಳ ದಾರಿ ಇದ್ದಲ್ಲಿ ಸಮುದ್ರವಿತ್ತು. ನನ್ನ ಚಪ್ಪಲಿಗಳು ತೇಲುತ್ತಾ ಪ್ರಯಾಣ ಬೆಳೆಸಿದ್ದವು. ಅವಾದರೂ ಜೋಡಿಯಾಗಿ ಹೋಗುತ್ತಿದ್ದವು.

"ಲೇ, ಯಾಕೋ ಹೋದೆ ಅಷ್ಟು ದೂರ?" ಅತ್ತೆ ಆಚೆಯಿಂದ ಕೂಗಿದರು.

"ನಂದೇನಿಲ್ಲಮ್ಮ! ನೀರು ಬರಲ್ಲ ಅಂತ ಇವಳೇ ಅಂದಿದ್ದು!"

ನನ್ನ ಗಂಡ ಇಷ್ಟು ಗಟ್ಟಿಯಾಗಿ, ಇಷ್ಟು ಸ್ಪಷ್ಟವಾಗಿ ಮಾತಾಡಬಲ್ಲರೆಂದು ಅಂದೇ ತಿಳಿದದ್ದು. ದ್ವೀಪದಲ್ಲಿದ್ದ ಪ್ರವಾಸಿಗರಿಗೆಲ್ಲ ತಿಳಿಯಿತು.

ಅತ್ತೆಯನ್ನು ಕೂರಿಸಿಕೊಂಡು ದೋಣಿ ಬಂತು. ನಾನು ಸೊಂಟದವರೆಗೆ ನೆನೆದು, ಬರಿಗಾಲಲ್ಲಿ ಹತ್ತಿದೆ. ಅತ್ತೆ ಮಗನ ತಲೆ ಒರೆಸಿದರು. ಅದು ನೆನೆದಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಓದಿದ್ದೇನಮ್ಮ?"

"ಭೂಗೋಳ."

"ಅದ್ರಲ್ಲಿ ಸಮುದ್ರ ಬರಲ್ವಾ?"

"ಬರುತ್ತೆ ಅತ್ತೆ."

"ಇದನ್ನೇನಾ ಮುಳಬಾಗಿಲಲ್ಲಿ ಹೇಳ್ಕೊಡೋಕೆ ಹೊರಟಿದ್ದು?"

ಕೆಲಸದ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಶ್ರೀಕಾಂತರ ಕಡೆ ನೋಡಿದೆ. ಅವರು ಬಹಳ ಶ್ರದ್ಧೆಯಿಂದ ನಿಪ್ಪಟ್ಟು ತಿನ್ನುತ್ತಿದ್ದರು. ಅಡುಗೆಮನೆ ನಮ್ಮ ಜೊತೆಯಲ್ಲೇ ದೋಣಿ ಹತ್ತಿತ್ತು.

ದಡದಲ್ಲಿ ಇಳಿದ ಮೇಲೆ ಮೆಲ್ಲಗೆ ಕೇಳಿದೆ: "ಹಾಗಾದ್ರೆ ಅಂದ್ರಲ್ಲ. ಆಮೇಲೆ?"

"ನೋಡೋಣ" ಎಂದರು. ಸೋಮವಾರದವರೆಗೂ ನೋಡುತ್ತಲೇ ಇದ್ದರು.

ಸೋಮವಾರ ನಾನೇ ಕಾಲೇಜಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಕಾಲೇಜಿನವರು ಕಾರಣ ಕೇಳಿದರು. ಪ್ರಾಯೋಗಿಕ ಜ್ಞಾನ ಸಾಲದು ಎಂದೆ.

ನಾನು ಭೂಗೋಳದ ಬಗ್ಗೆ ಹೇಳುತ್ತಿದ್ದೇನೆ ಎಂದುಕೊಂಡರು.